ಸ್ವತ್ವವೂ ಭೋಗವೂ: ಮನೆಯ ಕಿರುಗಣಕವನ್ನು ಕುರಿತು

ಮನುಷ್ಯನು ಒಂದು ವಸ್ತುವನ್ನು ತೋರಿಸಿ ಇದು ತನ್ನದೆಂದು ಹೇಳುವಾಗ ಆ ಮಾತಿನ ನಿಜವಾದ ಅರ್ಥವೇನು? ಹೊಲ, ಮನೆ, ಹಸು, ಚಿನ್ನ ಇವುಗಳ ವಿಷಯದಲ್ಲಿ ಈ ಪ್ರಶ್ನೆ ಬಹುಕಾಲದ ಹಿಂದೆಯೇ ಎದ್ದು, ಧರ್ಮಶಾಸ್ತ್ರಕಾರರ ಸೂಕ್ಷ್ಮವಾದ ವಿಚಾರಣೆಗೆ ಒಳಗಾಗಿ, ನ್ಯಾಯಸ್ಥಾನಗಳಲ್ಲಿ ಇತ್ಯರ್ಥವಾಗುತ್ತ ಬಂದಿದೆ. ಹಾಡಿನ ವಿಷಯದಲ್ಲಿ ಅದು ಏಳಲಿಲ್ಲ. ಹಾಡು ಹಾಡುವವನ ಕಂಠದಲ್ಲಿದ್ದು, ಹಾಡಿ ಮುಗಿದೊಡನೆ ಗಾಳಿಯಲ್ಲಿ ಲೀನವಾಗುತ್ತಿತ್ತು; ಕೇಳಿದವನಿಗೆ ನೆನಪೊಂದೇ ಉಳಿಯುತ್ತಿತ್ತು. ಗ್ರಾಮಫೋನು ಬಂದ ಮೇಲೆ ಹಾಡನ್ನು ಕೊಳ್ಳುವುದೂ ಕಪಾಟಿನಲ್ಲಿ ಇಡುವುದೂ ಸಾಧ್ಯವಾಯಿತು. ಇಂದು ಎಲೆಯಡಕೆಯ ಪೆಟ್ಟಿಗೆಗಿಂತ ದೊಡ್ಡದಲ್ಲದ ಒಂದು ಕಂಪ್ಯೂಟರು ಹಜಾರದ ಟೀವಿಯ ಮಗ್ಗುಲಲ್ಲಿ ಕುಳಿತು, ಒಂದು ಮನೆತನದ ಸಮಸ್ತ ಸಂಗೀತವನ್ನೂ ಚಲಚ್ಚಿತ್ರಗಳನ್ನೂ ಭಾವಚಿತ್ರಗಳನ್ನೂ ತನ್ನ ಹೊಟ್ಟೆಯಲ್ಲಿ ಅಡಗಿಸಿಕೊಳ್ಳುತ್ತದೆ. ಹೊಲಮನೆಗಳ ಪ್ರಶ್ನೆ ಹೀಗೆ ಹಾಡಿಗೂ ತಗುಲಿತು. ತಗುಲಿದ್ದಷ್ಟೇ ಅಲ್ಲ, ಹೊಲಮನೆಗಳಲ್ಲಿ ಇಲ್ಲದ ತೊಡಕುಗಳನ್ನೂ ತಂದುಕೊಂಡಿತು.

ಆ ಯಂತ್ರದ ವೃತ್ತಾಂತವನ್ನು ಮೊದಲು ಸಂಕ್ಷೇಪವಾಗಿ ಹೇಳುವುದು ಯುಕ್ತ. ಅಮೆರಿಕದ ಆಪಲ್ ಸಂಸ್ಥೆಯವರು ೨೦೦೫ರ ಜನವರಿಯಲ್ಲಿ ಮ್ಯಾಕ್ ಮಿನಿ ಎಂಬ ಕಂಪ್ಯೂಟರನ್ನು ೪೯೯ ಡಾಲರುಗಳಿಗೆ ಮಾರಾಟಕ್ಕೆ ತಂದರು. ಆರೂವರೆ ಅಂಗುಲ ಚೌಕ, ಎರಡು ಅಂಗುಲ ಎತ್ತರ. ತೆರೆ, ಕೀಲಿಮಣೆ, ಮೌಸು ಯಾವುದೂ ಜೊತೆಗಿಲ್ಲ. ಕೊಂಡವನು ತನ್ನಲ್ಲಿ ಆಗಲೇ ಇರುವ ತೆರೆಗೆ ಇದನ್ನು ಜೋಡಿಸಿಕೊಳ್ಳಲಿ ಎಂಬುದು ಮಾಡಿದವರ ಅಭಿಪ್ರಾಯ. ಅವರು ಮೇಜಿನ ಮೇಲಿನ ತೆರೆಯನ್ನು ನೆನೆದು ಹೇಳಿದರೆ, ಕೊಂಡವರಲ್ಲಿ ಅನೇಕರು ಹಜಾರದ ಟೀವಿಯನ್ನು ನೆನೆದುಕೊಂಡರು. ೨೦೦೬ರ ಫೆಬ್ರವರಿಯಲ್ಲಿ ಬಂದ ಮಾದರಿಯ ಜೊತೆಗೆ ಒಂದು ಪುಟ್ಟ ರಿಮೋಟನ್ನೂ, ದೂರದಲ್ಲಿ ಕುಳಿತೇ ಹಾಡು ಚಿತ್ರಗಳನ್ನು ಆರಿಸುವಂತೆ ದೊಡ್ಡ ಅಕ್ಷರಗಳಲ್ಲಿ ಪಟ್ಟಿ ತೋರಿಸುವ ಫ್ರಂಟ್ ರೋ ಎಂಬ ತಂತ್ರಾಂಶವನ್ನೂ ಕೊಟ್ಟರು. ೨೦೧೦ರ ಮಾದರಿಯಲ್ಲಿ ಟೀವಿಗೆ ನೇರವಾಗಿ ತಂತಿ ಹಾಕಲು ಎಚ್‌ಡಿಎಂಐ ಕಿಂಡಿಯನ್ನೇ ಇಟ್ಟರು. ಇತ್ತ ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರಕ್ಕಾಗಿ ಹವ್ಯಾಸಿಗಳು ಬರೆದ ಇನ್ನೊಂದು ತಂತ್ರಾಂಶ ಬೆಳೆದು, ೨೦೧೪ರಲ್ಲಿ ಕೋಡಿ ಎಂಬ ಹೆಸರನ್ನು ತಾಳಿತು. ಅದು ಹಣವಿಲ್ಲದೆ ದೊರೆಯುತ್ತದೆ. ೨೦೧೨ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ಜಿನಿಂದ ೩೫ ಡಾಲರಿಗೆ ಹೊರಬಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಹಲಗೆಯ ಮೇಲೂ ನಡೆಯುತ್ತದೆ. ಕೋಡಿ ಎಂದರೆ ಕನ್ನಡಿಗನ ಕಿವಿಗೆ ತುಂಬಿದ ಕೆರೆ ಹೊರಚೆಲ್ಲುವ ಜಾಗ. ಹೆಸರಿಟ್ಟವರಿಗೆ ಇದು ತಿಳಿದಿರಲಾರದು, ಆದರೂ ಹೆಸರು ಹೊಂದುತ್ತದೆ.

ಗೃಹಸ್ಥನು ಇದನ್ನು ಬಳಸುವ ಬಗೆ ಹೀಗೆ. ಹಿಂದೆ ಕೊಂಡಿಟ್ಟ ಸಿ.ಡಿ.ಗಳನ್ನು ಒಂದೊಂದಾಗಿ ಯಂತ್ರಕ್ಕೆ ಕೊಟ್ಟು ಅವುಗಳ ನಾದವನ್ನು ಹಾರ್ಡ್ ಡಿಸ್ಕಿಗೆ ಇಳಿಸುತ್ತಾನೆ. ಸಿ.ಡಿ.ಯ ನಾದವೆಂದರೆ ಸೆಕೆಂಡಿಗೆ ೪೪,೧೦೦ ಸಾರಿ ಅಳೆದು ಬರೆದ ಧ್ವನಿಯ ಲೆಕ್ಕ. ನಿಮಿಷಕ್ಕೆ ಸುಮಾರು ೧೦ ಮೆಗಾಬೈಟು. ಏನನ್ನೂ ಕಳೆಯದೆ ಮಡಿಸಿಟ್ಟರೆ ಹೆಚ್ಚುಕಡಮೆ ಅದರ ಅರ್ಧ. ಇಳಿಸಿದ ಬಳಿಕ ಹೆಸರುಗಳನ್ನು ತಿದ್ದಬೇಕು. ಪಾಶ್ಚಾತ್ಯ ಗೀತೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಈ ಪಟ್ಟಿಗಳಲ್ಲಿ ಗಾಯಕನಿಗೂ ಆಲ್ಬಮ್ಮಿಗೂ ಸ್ಥಳವುಂಟು. ವಾಗ್ಗೇಯಕಾರನಿಗೆ ಒಂದು ಮೂಲೆಯುಂಟು. ರಾಗಕ್ಕೂ ತಾಳಕ್ಕೂ ಮನೆಯಿಲ್ಲ. ಅವನ್ನು ಹೆಸರಿನ ಬಾಲಕ್ಕೆ ಕಟ್ಟಬೇಕಾಗುತ್ತದೆ. ಕೊನೆಗೆ ಹಳೆಯ ಕ್ಯಾಸೆಟ್ಟುಗಳ ಸರದಿ. ಅವುಗಳಲ್ಲಿ ಅಂಗಡಿಯಿಂದ ತಂದವು ಕೆಲವು. ಮತ್ತೆ ಕೆಲವು ಯಾವುದೋ ಮದುವೆಯ ಹಿಂದಿನ ರಾತ್ರಿ ಮನೆಯ ಹಿರಿಯಾಕೆ ಹಸೆಯ ಹಾಡುಗಳನ್ನು ಹಾಡುತ್ತಿದ್ದಾಗ ಟೇಪು ತಿರುಗಿಸಿ ಹಿಡಿದುಕೊಂಡವು. ಈ ಕಡೆಯ ಬಗೆಯನ್ನು ವಾಚಕರು ನೆನಪಿನಲ್ಲಿಡಬೇಕು. ಜಗತ್ತಿನ ಯಾವ ಅಂಗಡಿಯಲ್ಲಿಯೂ ಅವು ದೊರೆಯುವುದಿಲ್ಲ.

ಈ ಶ್ರಮವನ್ನು ನೋಡಿ ನಗುವವರು ಇಲ್ಲದಿಲ್ಲ. ಅವರ ಪೂರ್ವಪಕ್ಷ ಪ್ರಬಲವಾದದ್ದೇ. ತಿಂಗಳಿಗೆ ಇಷ್ಟು ಚಂದಾ ಕೊಟ್ಟರೆ ಕೋಟ್ಯಂತರ ಹಾಡುಗಳೂ ಸಾವಿರಾರು ಚಿತ್ರಗಳೂ ದೂರದ ಯಂತ್ರಶಾಲೆಗಳಿಂದ ಕ್ಷಣಮಾತ್ರದಲ್ಲಿ ಹರಿದುಬರುವಾಗ, ಮನೆಯಲ್ಲಿ ಕೂಡಿಡುವುದೇಕೆ? ಓಣಿಯ ತುದಿಯಲ್ಲಿ ಅಂಗಡಿಯಿರುವಾಗ ಅಂಗಳದಲ್ಲಿ ಹಗೇವು ತೋಡುವವನು ಯಾರು? ಸಂಗ್ರಹವೇ ಲೋಭ, ಅಪರಿಗ್ರಹವೇ ಧರ್ಮ. ಹಾಗಿರುವಲ್ಲಿ ಚಂದಾದಾರನೇ ನಿಜವಾದ ಸಂನ್ಯಾಸಿ ಎಂದು ಅವರು ವಾದಿಸುತ್ತಾರೆ. ಚಂದಾ ಕೊಟ್ಟು ಸಂನ್ಯಾಸವನ್ನು ಪಡೆಯುವ ಈ ಕ್ರಮ ಆಶ್ರಮಧರ್ಮಗಳಲ್ಲಿ ಹೇಳಿಲ್ಲವಾದರೂ, ವಾದದಲ್ಲಿ ತಿರುಳಿಲ್ಲವೆಂದು ತಳ್ಳಿಬಿಡುವಂತಿಲ್ಲ.

ಇಲ್ಲಿ ಹಳೆಯ ಮೀಮಾಂಸೆಯೊಂದು ನೆರವಿಗೆ ಬರುತ್ತದೆ. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು. ಗ್ರಂಥ ಹುಟ್ಟಿದ್ದು ಇಂದು ಬೀದರ ಜಿಲ್ಲೆಯಲ್ಲಿರುವ ಕಲ್ಯಾಣದಲ್ಲಿ. ಸ್ವತ್ವವೆಂಬುದು ಶಾಸ್ತ್ರದಿಂದ ಮಾತ್ರ ತಿಳಿಯತಕ್ಕದ್ದೋ, ಲೋಕವ್ಯವಹಾರದಿಂದಲೇ ತಿಳಿಯುವುದೋ ಎಂಬ ಪ್ರಶ್ನೆಯನ್ನು ಆತನು ಎತ್ತಿಕೊಂಡು, ಅದು ಲೌಕಿಕವೇ ಎಂದು ಸಾಧಿಸುತ್ತಾನೆ. ಶಾಸ್ತ್ರವ್ಯವಹಾರವನ್ನೇ ಕಾಣದ ಗಡಿನಾಡಿನ ಜನರಲ್ಲಿಯೂ ಕೊಳ್ಳುವುದು ಮಾರುವುದು ಕಂಡುಬರುತ್ತದೆಯಲ್ಲವೆ ಎಂಬುದು ಆತನು ಕೊಡುವ ಕಾರಣಗಳಲ್ಲೊಂದು. ಇನ್ನು ಸ್ಮೃತಿಯಲ್ಲಿಯೇ ಆಗಮ, ಭೋಗ ಎಂಬ ಎರಡು ಮಾತುಗಳಿವೆ. ಕ್ರಯ, ಪ್ರತಿಗ್ರಹ ಮುಂತಾಗಿ ಸ್ವತ್ವಕ್ಕೆ ಹೇತುವಾದುದು ಆಗಮ. ವಸ್ತುವನ್ನು ಅನುಭವಿಸುತ್ತಿರುವುದು ಭೋಗ. ವಂಶಕ್ರಮವಾಗಿ ಬಂದ ಭೋಗವನ್ನು ಬಿಟ್ಟರೆ, ಭೋಗಕ್ಕಿಂತ ಆಗಮವೇ ಹೆಚ್ಚಿನದೆಂದು ಯಾಜ್ಞವಲ್ಕ್ಯನ ನಿರ್ಣಯ. ಆದರೆ ಅದೇ ಉಸಿರಿನಲ್ಲಿ ಆತನು ಇನ್ನೊಂದನ್ನು ಹೇಳುತ್ತಾನೆ: ಎಲ್ಲಿ ಭೋಗವು ಲೇಶವಾದರೂ ಇಲ್ಲವೋ ಅಲ್ಲಿ ಆಗಮಕ್ಕೂ ಬಲವಿಲ್ಲ.

ಈ ಎರಡು ಮಾತುಗಳನ್ನು ಹಿಡಿದು ನೋಡಿದರೆ ಚಂದಾದಾರನ ಸ್ಥಿತಿ ಸ್ಪಷ್ಟವಾಗುತ್ತದೆ. ಅವನಿಗೆ ಭೋಗವುಂಟು, ಆಗಮವಿಲ್ಲ. ಅವನು ಛತ್ರದಲ್ಲಿ ಇಳಿದುಕೊಂಡವನು. ಛತ್ರದಲ್ಲಿ ಇಳಿಯುವುದು ತಪ್ಪಲ್ಲ. ಅದನ್ನು ಮನೆಯೆಂದು ತಿಳಿಯುವುದು ಭ್ರಾಂತಿ. ಅದಕ್ಕಿಂತ ಕ್ಲಿಷ್ಟವಾದದ್ದು, ಕೊಂಡೆನೆಂದು ನಂಬಿರುವವನ ಸ್ಥಿತಿ. ೨೦೦೯ರ ಜುಲೈಯಲ್ಲಿ ಅಮೆಜಾನ್ ಸಂಸ್ಥೆಯವರು ತಮ್ಮ ಕಿಂಡಲ್ ಓದುಯಂತ್ರಗಳಲ್ಲಿ ಓದುಗರು ಹಣ ಕೊಟ್ಟು ಪಡೆದಿದ್ದ ಜಾರ್ಜ್ ಆರ್ವೆಲ್ಲನ ಎರಡು ಪುಸ್ತಕಗಳನ್ನು, ಮಾರಿದವನಿಗೆ ಹಕ್ಕಿರಲಿಲ್ಲವೆಂಬ ಕಾರಣದಿಂದ, ದೂರದಿಂದಲೇ ಅಳಿಸಿಹಾಕಿದರು. ಹಣವನ್ನು ಹಿಂದಕ್ಕೆ ಕೊಟ್ಟು, ಸಂಸ್ಥೆಯ ಮುಖ್ಯಸ್ಥರು ಬಳಿಕ ಕ್ಷಮೆಯನ್ನೂ ಕೇಳಿದರು. ೨೦೧೯ರ ಜುಲೈಯಲ್ಲಿ ಮೈಕ್ರೋಸಾಫ್ಟಿನವರು ತಮ್ಮ ಪುಸ್ತಕದಂಗಡಿಯನ್ನು ಮುಚ್ಚಿದಾಗ, ಅಲ್ಲಿ ಕೊಂಡ ಪುಸ್ತಕಗಳೆಲ್ಲ ಓದುಗರ ಕೈಯಿಂದ ಮಾಯವಾದವು, ಬೆಲೆ ಹಿಂದಿರುಗಿತು, ಪುಟಗಳ ಅಂಚಿನಲ್ಲಿ ಟಿಪ್ಪಣಿ ಬರೆದುಕೊಂಡಿದ್ದವರಿಗೆ ಅದರ ಮೇಲೆ ೨೫ ಡಾಲರು. ಓದಿದವನು ತನ್ನ ಬುದ್ಧಿಯಿಂದ ಅಂಚಿನಲ್ಲಿ ಬರೆದುದಕ್ಕೆ ಇಷ್ಟೆಂದು ಬೆಲೆ ಕಟ್ಟಿದ ಪ್ರಸಂಗ ಬೇರೆ ಇದೆಯೋ ಇಲ್ಲವೋ. ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ ೨೦೨೪ರಲ್ಲಿ ಒಂದು ಕಾನೂನಾಗಿ ೨೦೨೫ರ ಜನವರಿಯಿಂದ ಜಾರಿಗೆ ಬಂದಿದೆ. ಮಾರುವವರು ಯಾವಾಗ ಬೇಕಾದರೂ ಹಿಂತೆಗೆಯಬಹುದಾದ ಅನುಮತಿಯನ್ನು ಮಾತ್ರ ಕೊಡುವಲ್ಲಿ, ಆ ಸಂಗತಿಯನ್ನು ತಿಳಿಸದೆ ‘ಕೊಳ್ಳಿರಿ’ ಎಂಬ ಮಾತನ್ನು ಬಳಸಕೂಡದೆಂಬುದು ಅದರ ತಾತ್ಪರ್ಯ. ಸ್ವತ್ವವು ಲೌಕಿಕವೆಂದ ವಿಜ್ಞಾನೇಶ್ವರನಿಗೆ ಇದರಲ್ಲಿ ಆಶ್ಚರ್ಯವಿರಲಾರದು: ಲೋಕವು ಕ್ರಯವೆಂದು ಕರೆಯುವುದೊಂದು, ಪತ್ರದಲ್ಲಿ ಬರೆದಿರುವುದು ಮತ್ತೊಂದು ಆದಾಗ, ರಾಜನು ನಡುವೆ ಬಂದು ಮಾತನ್ನು ತಿದ್ದಿಸಬೇಕಾಯಿತು.

ಹಾಗಾದರೆ ಮನೆಯ ಪೆಟ್ಟಿಗೆಯೇ ಪರಿಹಾರವೆಂದು ಒಡನೆ ಸಾರಿಬಿಡಬಹುದೆ? ಇಲ್ಲಿ ಮರೆಮಾಚಬಾರದ ಸಂಗತಿಯೊಂದಿದೆ. ಈ ಪೆಟ್ಟಿಗೆಗಳಲ್ಲಿ ತುಂಬಿರುವ ಚಿತ್ರಗಳಲ್ಲಿ ಹಣ ಕೊಟ್ಟು ತಂದವಲ್ಲದವು ಬಹಳ. ಬಿಡುಗಡೆಯಾದ ವಾರದಲ್ಲಿಯೇ ಚಿತ್ರದ ಪ್ರತಿಯನ್ನು ಎಲ್ಲಿಂದಲೋ ಇಳಿಸಿಕೊಂಡು ನೋಡುವ ಗೃಹಸ್ಥನು, ಹಾಲಿನವನ ಬಾಕಿಯನ್ನು ಒಂದು ದಿನವೂ ಉಳಿಸಿಕೊಳ್ಳದ ಸಾಧುವೇ ಇರಬಹುದು. ಯಂತ್ರವೇನೂ ಪಾಪಿಯಲ್ಲ, ಕೋಡಿಯನ್ನು ಬರೆದವರೇ, ಕದ್ದ ಚಿತ್ರಗಳಿಗೆ ದಾರಿ ತೆರೆದಿಟ್ಟ ಪೆಟ್ಟಿಗೆಗಳನ್ನು ತಮ್ಮ ಹೆಸರಿನಲ್ಲಿ ಮಾರುವವರನ್ನು ಬಹಿರಂಗವಾಗಿ ನಿರಾಕರಿಸಿದ್ದಾರೆ. ಅಂಥ ಮಾರಾಟವೇ ಕೃತಿಸ್ವಾಮ್ಯದ ಉಲ್ಲಂಘನೆಯೆಂದು ಯೂರೋಪಿನ ಒಕ್ಕೂಟದ ನ್ಯಾಯಾಲಯವು ೨೦೧೭ರಲ್ಲಿ ತೀರ್ಪಿತ್ತಿದೆ. ಆದರೂ ಮನೆಯೊಳಗಿನ ಸಮಾಧಾನ ಬೇರೆಯೇ: ಹಸುವನ್ನು ಕದ್ದರೆ ಒಡೆಯನ ಕೊಟ್ಟಿಗೆ ಬರಿದಾಗುತ್ತದೆ, ಚಿತ್ರವನ್ನು ಪ್ರತಿಮಾಡಿಕೊಂಡರೆ ಒಡೆಯನ ಚಿತ್ರ ಅವನಲ್ಲಿಯೇ ಇರುತ್ತದಷ್ಟೆ, ಹೋದದ್ದೇನು? ಇನ್ನೂ ಸ್ವಲ್ಪ ಓದಿಕೊಂಡವನು, ವಿದ್ಯಾಧನವು ಕೊಟ್ಟಷ್ಟೂ ಬೆಳೆಯುವುದೆಂಬ ಹಿರಿಯರ ಮಾತನ್ನು ಮುಂದಿಡುತ್ತಾನೆ.

ಈ ಮಾತು ಎಲ್ಲಿ ಜಾರುತ್ತದೆಂಬುದನ್ನು ನಿಧಾನವಾಗಿ ನೋಡಬೇಕು. ವಿದ್ಯೆಯನ್ನು ಕೊಟ್ಟರೆ ಬೆಳೆಯುವುದೆಂದು ಹಿರಿಯರು ಹೇಳಿದ್ದು ಕೊಡುವವನನ್ನು ಕುರಿತು, ಅವನ ಜಿಪುಣತನವನ್ನು ಬಿಡಿಸಲಿಕ್ಕಾಗಿ. ತೆಗೆದುಕೊಳ್ಳುವವನು ಆ ಮಾತನ್ನು ತನ್ನ ಬಾಯಿಗೆ ಹಾಕಿಕೊಂಡರೆ ಅದು ಉಪದೇಶವಾಗಿ ಉಳಿಯದೆ ನೆಪವಾಗುತ್ತದೆ. ಗುರುವು ದಕ್ಷಿಣೆಯನ್ನು ಕೇಳದಿರುವುದು ಅವನ ಹಿರಿಮೆ. ಕೊಡದಿರುವುದು ಶಿಷ್ಯನ ಹಿರಿಮೆಯಾಗಲಾರದು. ಇನ್ನು ಒಡೆಯನ ಕೊಟ್ಟಿಗೆ ಬರಿದಾಗಲಿಲ್ಲವೆಂಬುದು ದಿಟ. ಆದರೆ ಚಿತ್ರದ ಹಿಂದೆ ಬಣ್ಣ ಹಚ್ಚಿದವನು, ದೀಪ ಹಿಡಿದವನು, ಪಿಟೀಲು ನುಡಿಸಿದವನು ಇದ್ದಾರೆ. ಅವರ ಕೂಲಿ ಹುಟ್ಟುವುದು ನೋಡುವವರ ಹಣದಿಂದ. ಗೇಯ್ಮೆಯನ್ನು ಪಡೆದು ಕೂಲಿಯನ್ನು ಕೊಡದವನನ್ನು ಲೋಕವು ಯಾವ ಹೆಸರಿನಿಂದ ಕರೆಯುವುದೋ, ಅದಕ್ಕಿಂತ ಮೃದುವಾದ ಹೆಸರಿಗೆ ಇವನು ಅರ್ಹನಲ್ಲ. ಅವನಿಗೂ ಚಂದಾದಾರನಂತೆ ಭೋಗವುಂಟು, ಆಗಮವಿಲ್ಲ. ಆದರೆ ಚಂದಾದಾರನು ಛತ್ರದ ಬಾಡಿಗೆಯನ್ನು ಕೊಟ್ಟವನು.

ತಾನೇ ಹಣ ಕೊಟ್ಟು ತಂದ ಸಿ.ಡಿ.ಯನ್ನು ತನ್ನ ಪೆಟ್ಟಿಗೆಗೆ ಇಳಿಸಿಕೊಳ್ಳುವವನ ಮಾತು ಬೇರೆ. ಇಲ್ಲಿ ಧರ್ಮ ಸ್ಪಷ್ಟವಾಗಿದ್ದರೂ ಕಾನೂನು ತಡವರಿಸಿದೆ. ಬ್ರಿಟನ್ನಿನಲ್ಲಿ ಈ ಕೃತ್ಯ ೨೦೧೪ರ ಅಕ್ಟೋಬರಿಗೆ ಮುಂಚೆ ತಪ್ಪು, ಅಂದಿನಿಂದ ಸರಿ, ೨೦೧೫ರ ಜುಲೈಯಲ್ಲಿ ಅಲ್ಲಿನ ಉಚ್ಚನ್ಯಾಯಾಲಯವು ಆ ವಿನಾಯಿತಿಯನ್ನು ರದ್ದುಮಾಡಿದ ಮೇಲೆ ಪುನಃ ತಪ್ಪು. ಒಬ್ಬನೇ ಮನುಷ್ಯನು ಒಂದೇ ಕುರ್ಚಿಯಲ್ಲಿ ಕುಳಿತು ಒಂದೇ ಕೆಲಸವನ್ನು ಮಾಡುತ್ತ, ಎರಡು ವರ್ಷಗಳೊಳಗೆ ಅಪರಾಧಿ, ನಿರಪರಾಧಿ, ಪುನಃ ಅಪರಾಧಿ ಆದನು. ಭಾರತದ ೧೯೫೭ರ ಕೃತಿಸ್ವಾಮ್ಯದ ಕಾಯಿದೆಯ ೫೨ನೆಯ ಪ್ರಕರಣವು ಸ್ವಂತ ಉಪಯೋಗಕ್ಕಾಗಿ ಮಾಡುವ ನ್ಯಾಯವಾದ ಬಳಕೆಗೆ ಅವಕಾಶ ಕೊಟ್ಟಿದೆ; ೨೦೧೨ರಲ್ಲಿ ಸೇರಿಸಿದ ೬೫ಎ ಪ್ರಕರಣವು, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ರಕ್ಷಣೆಯ ಬೀಗಗಳನ್ನು ಒಡೆಯುವವನಿಗೆ ಎರಡು ವರ್ಷಗಳವರೆಗೆ ಸೆರೆಯನ್ನು ವಿಧಿಸಿದೆ. ಉದ್ದೇಶವೆಂಬ ಮಾತನ್ನು ಅಲ್ಲಿ ಸೇರಿಸಿದವರು ವಿವೇಕಿಗಳೆನ್ನಬೇಕು. ಇಷ್ಟರಲ್ಲಿ ಯಂತ್ರವನ್ನು ಮಾಡುವವರೇ ಬಾಗಿಲನ್ನು ಮುಚ್ಚಿದರು: ೨೦೧೧ರ ಮ್ಯಾಕ್ ಮಿನಿಯಲ್ಲಿ ಸಿ.ಡಿ., ಡಿ.ವಿ.ಡಿ.ಗಳನ್ನು ತೂರಿಸುವ ಸೀಳು ಇಲ್ಲವಾಯಿತು. ಅದೇ ವರ್ಷ ಫ್ರಂಟ್ ರೋ ತಂತ್ರಾಂಶವೂ ನಿಂತಿತು. ಕೊಂಡ ವಸ್ತು ಒಳಗೆ ಬರುವ ದಾರಿ ಕಿರಿದಾಗಿ, ಬಾಡಿಗೆಯ ವಸ್ತು ಹರಿದುಬರುವ ದಾರಿ ಅಗಲವಾಯಿತು. ಬೇರೆ ಕೊಂಡು ತಂತಿಯಿಂದ ತಗುಲಿಸುವ ಡ್ರೈವು ಈಗಲೂ ದೊರೆಯುತ್ತದೆ. ಆದರೆ ಅದನ್ನು ಹುಡುಕಿ ತರುವವರು ಪಟ್ಟು ಹಿಡಿದವರು ಮಾತ್ರ.

ಈ ಎಲ್ಲ ವಿವೇಚನೆಯನ್ನು ಕಲಕುವ ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡಬೇಕು. ಬ್ರಿಟನ್ನಿನ ಬಿಬಿಸಿಯವರು ೧೯೬೩ರಲ್ಲಿ ಆರಂಭಿಸಿದ ‘ಡಾಕ್ಟರ್ ಹೂ’ ಎಂಬ ಟೀವಿ ಕಥಾಮಾಲೆಯ ಮೊದಲ ವರ್ಷಗಳ ಅನೇಕ ಕಂತುಗಳ ಟೇಪುಗಳನ್ನು ಮುಂದೆ ತಾವೇ ಅಳಿಸಿದರು. ಹಾಗೆ ಕಳೆದುಹೋದ ಕಂತುಗಳ ಚಿತ್ರ ಹೋದರೂ ಧ್ವನಿ ಉಳಿದಿದೆ. ಉಳಿದದ್ದು ಹೇಗೆಂದರೆ, ಕೆಲವು ಮನೆಗಳಲ್ಲಿ ಉತ್ಸಾಹಿಗಳು ಟೀವಿಯ ಮುಂದೆ ಧ್ವನಿಗ್ರಾಹಕವನ್ನಿಟ್ಟು ತಮ್ಮ ಸಂತೋಷಕ್ಕಾಗಿ ಅದನ್ನು ಹಿಡಿದಿಟ್ಟಿದ್ದರು. ಒಡೆಯನು ಎಸೆದದ್ದನ್ನು ಹಕ್ಕಿಲ್ಲದವನು ಕಾಪಾಡಿದನು. ಇತ್ತ ಕನ್ನಡದ ಮೊದಲ ವಾಕ್ಚಿತ್ರವಾದ, ೧೯೩೪ರಲ್ಲಿ ತೆರೆಕಂಡ ‘ಸತಿ ಸುಲೋಚನ’ದ ಪ್ರತಿ ಎಲ್ಲಿಯೂ ಉಳಿದಿಲ್ಲ. ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವ ಸಾಧನವೇ ಅಂದು ಇರಲಿಲ್ಲ. ಆ ಚಿತ್ರದ ಹತ್ತು ನಿಮಿಷಗಳನ್ನು ಯಾರಾದರೂ ಕಳ್ಳತನದಿಂದ ಹಿಡಿದಿಟ್ಟಿದ್ದರೆ ಕನ್ನಡಿಗರು ಇಂದು ಅವನನ್ನು ದಂಡಿಸುತ್ತಿದ್ದರೆ, ಹಾರ ಹಾಕುತ್ತಿದ್ದರೆ? ಹಾಗೆಂದು ಕದ್ದ ಚಿತ್ರಗಳ ಪೆಟ್ಟಿಗೆಗೆ ಇದರಿಂದ ಸಮರ್ಥನೆ ದೊರೆಯುವುದಿಲ್ಲ. ನಿನ್ನೆ ಬಿಡುಗಡೆಯಾಗಿ ಇಂದು ಚಿತ್ರಮಂದಿರದಲ್ಲಿ ನಡೆಯುತ್ತಿರುವ ಚಿತ್ರವನ್ನು ಯಾರೂ ಅಳಿವಿನಿಂದ ಕಾಪಾಡುತ್ತಿಲ್ಲ. ಪರರ ವಸ್ತುವನ್ನು ಇಟ್ಟುಕೊಂಡವನು ಅದನ್ನು ನಿಕ್ಷೇಪದಂತೆ ನೋಡಿಕೊಳ್ಳಬೇಕು. ಇಟ್ಟವನ ಅನುಮತಿಯಿಲ್ಲದೆ ನಿಕ್ಷೇಪದಿಂದ ಲಾಭ ಮಾಡಿಕೊಂಡವನು ದಂಡ್ಯನೆಂದೂ, ಲಾಭದೊಡನೆ ಅದನ್ನು ಹಿಂದಿರುಗಿಸಬೇಕೆಂದೂ ಸ್ಮೃತಿಯ ವಿಧಿ. ಟೇಪಿನಲ್ಲಿ ಧ್ವನಿಯನ್ನು ಕಾದಿಟ್ಟ ಉತ್ಸಾಹಿಗಳಲ್ಲಿ ಹಲವರು ಬಿಬಿಸಿಗೆ ಅದು ಬೇಕಾದಾಗ ಕೊಟ್ಟರೆಂಬುದನ್ನು ಮರೆಯಬಾರದು.

ಆಗಮವು ಶುದ್ಧವಾಗಿರಲಿ, ಭೋಗದ ಮಾತೇನು? ಯಾಜ್ಞವಲ್ಕ್ಯನ ಎರಡನೆಯ ಮಾತು ಇರಿಯುವುದು ಇಲ್ಲಿ. ನಾಲ್ಕು ಟೆರಾಬೈಟಿನ ಹಾರ್ಡ್ ಡಿಸ್ಕು ಇಂದು ಒಂದು ಸಣ್ಣ ಪುಸ್ತಕದಷ್ಟು ಗಾತ್ರದ್ದು. ನಿಮಿಷಕ್ಕೆ ಒಂದು ಮೆಗಾಬೈಟಿನಂತೆ ಕುಗ್ಗಿಸಿದ ಹಾಡುಗಳನ್ನು ಅದರಲ್ಲಿ ತುಂಬಿದರೆ ೪೦ ಲಕ್ಷ ನಿಮಿಷಗಳ ಸಂಗೀತ ಹಿಡಿಯುತ್ತದೆ. ದಿನಕ್ಕೆ ಎರಡು ಗಂಟೆಯಂತೆ ಒಂದು ದಿನವೂ ಬಿಡದೆ ಕೇಳಿದರೆ, ಒಂದು ಸಾರಿ ಕೇಳಿ ಮುಗಿಸಲು ೯೦ ವರ್ಷಗಳು ಮೀರುತ್ತವೆ. ಅಂದರೆ ಉಪನಯನದ ವಟುವಿಗೆ ಆ ಡಿಸ್ಕನ್ನು ಕೊಟ್ಟರೂ ಅವನು ಪೂರೈಸಲಾರನು. ಮೆಚ್ಚಿದ್ದನ್ನು ಎರಡನೆಯ ಸಾರಿ ಕೇಳುವ ಭಾಗ್ಯವಂತೂ ಇಲ್ಲವೇ ಇಲ್ಲ. ಸಂಗೀತವೆಂದರೆ ಎರಡನೆಯ ಸಾರಿ, ಹತ್ತನೆಯ ಸಾರಿ ಕೇಳುವುದಲ್ಲವೆ? ಆದರೂ ಗೃಹಸ್ಥನು ತುಂಬುತ್ತಲೇ ಇರುತ್ತಾನೆ. ಭಾನುವಾರದ ಬೆಳಗೆಲ್ಲ ಹೆಸರುಗಳನ್ನು ತಿದ್ದುತ್ತಾನೆ, ಮುಖಪುಟದ ಚಿತ್ರಗಳನ್ನು ಅಂಟಿಸುತ್ತಾನೆ, ಒಂದೇ ಕೀರ್ತನೆಯ ಐದು ಗಾಯನಗಳನ್ನು ಸಾಲಾಗಿ ನಿಲ್ಲಿಸುತ್ತಾನೆ. ಸಂಜೆ ರಿಮೋಟು ಹಿಡಿದು ಕುಳಿತು ಒಂದೊಂದರ ಮೊದಲ ಆವರ್ತವನ್ನು ಕೇಳಿ ಮುಂದಿನದಕ್ಕೆ ಜಿಗಿಯುತ್ತಾನೆ. ಅವನು ಸಂಗೀತವನ್ನು ಕೇಳುತ್ತಿಲ್ಲ. ತನ್ನಲ್ಲಿ ಸಂಗೀತವಿದೆಯೆಂಬುದನ್ನು ಕೇಳುತ್ತಿದ್ದಾನೆ. ಹಗೇವಿನ ಧಾನ್ಯ ಮುಗ್ಗಿದರೆ ವಾಸನೆ ಬಂದು ತಿಳಿಸುತ್ತದೆ. ಇಲ್ಲಿ ಆ ಎಚ್ಚರಿಕೆಯೂ ಇಲ್ಲ.

ಈ ದೋಷ ಚಂದಾದಾರನಲ್ಲಿಯೂ ಉಂಟು, ಬಹುಶಃ ಹೆಚ್ಚಾಗಿಯೇ ಉಂಟು. ಆದರೆ ಪೆಟ್ಟಿಗೆಯುಳ್ಳವನಿಗೆ ಒಂದು ಅನುಕೂಲವಿದೆ: ಅವನ ಭಂಡಾರಕ್ಕೆ ಎಲ್ಲೆಯನ್ನು ಹಾಕಿಕೊಳ್ಳುವುದು ಅವನ ಕೈಯಲ್ಲಿದೆ. ಛತ್ರದ ಉಗ್ರಾಣವನ್ನು ಅತಿಥಿಯು ಚಿಕ್ಕದು ಮಾಡಲಾರನು. ಕೆಲವು ಮನೆಗಳಲ್ಲಿ ಹೊಸದೊಂದನ್ನು ಸೇರಿಸುವ ಮುಂಚೆ, ಕಳೆದ ವರ್ಷ ಯಾರೂ ಕೇಳದ ಒಂದನ್ನು ತೆಗೆದು ಕಪಾಟಿನ ಸಿ.ಡಿ.ಯಲ್ಲಿಯೇ ಉಳಿಯಬಿಡುವ ಕಟ್ಟಳೆಯನ್ನಿಟ್ಟುಕೊಂಡಿದ್ದಾರೆ. ಕಟ್ಟಳೆ ಕಠಿಣವೆಂದು ತೋರಬಹುದು. ಅಂಥ ಮನೆಗಳಲ್ಲಿ ಹಾಡು ಕೊನೆಯವರೆಗೆ ಕೇಳಿಸುತ್ತದೆ. ಮತ್ತೊಂದು ಸಂಗತಿ: ಕಿವಿಗೆ ತುರುಕಿಕೊಂಡ ಕೊಳವೆಯಿಂದ ಒಬ್ಬೊಬ್ಬನೂ ತನ್ನದನ್ನು ತಾನು ಕೇಳುವ ಈ ಕಾಲದಲ್ಲಿ, ಹಜಾರದ ನಡುವೆ ಒಂದು ಯಂತ್ರವಿದ್ದು ಅದರ ರಿಮೋಟು ಒಂದೇ ಆಗಿದ್ದರೆ, ಯಾವುದನ್ನು ಹಾಕಬೇಕೆಂದು ಜಗಳವಾದರೂ ಆಗುತ್ತದೆ. ಆ ಜಗಳವೂ ಸಂಸಾರದ ಒಂದು ಸುಖವೇ.

ಇನ್ನು ಉಳಿದದ್ದು ದಾಯದ ಪ್ರಶ್ನೆ. ಒಡೆಯನ ಸಂಬಂಧವೊಂದರಿಂದಲೇ ಇನ್ನೊಬ್ಬನದಾಗುವ ಧನವೇ ದಾಯವೆಂದು ಮಿತಾಕ್ಷರೆಯ ಲಕ್ಷಣ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವತ್ವವೆಂಬುದು ಆ ಪಂಥದ ಹೆಗ್ಗುರುತು. ಹೆಣ್ಣುಮಕ್ಕಳಿಗೂ ಅದೇ ಹಕ್ಕು ಕರ್ನಾಟಕದಲ್ಲಿ ೧೯೯೪ರಲ್ಲಿಯೂ, ದೇಶಕ್ಕೆಲ್ಲ ೨೦೦೫ರಲ್ಲಿಯೂ ಬಂದಿತು. ಚಂದಾದಾರನ ಮಕ್ಕಳಿಗೆ ಏನು ಬರುತ್ತದೆ? ಏನೂ ಇಲ್ಲ. ಚಂದಾ ನಿಂತ ತಿಂಗಳೇ ತಂದೆಯ ಹಾಡುಗಳೂ ನಿಲ್ಲುತ್ತವೆ. ತಂದೆ ಯಾವುದನ್ನು ಕೇಳುತ್ತಿದ್ದನೆಂಬ ಗುರುತು ಸಹ ಅವರ ಕೈಗೆ ಸಿಗುವುದಿಲ್ಲ. ಪೆಟ್ಟಿಗೆಯುಳ್ಳವನ ಮಕ್ಕಳಿಗೆ ಬರತಕ್ಕದ್ದು ಉಂಟು, ಆದರೆ ತಾನಾಗಿ ಬರುವುದಿಲ್ಲ. ಹಾರ್ಡ್ ಡಿಸ್ಕು ತಾಳೆಗರಿಯಲ್ಲ. ಅದು ಸವೆಯುತ್ತದೆ, ಒಂದು ದಿನ ಹೇಳದೆ ಕೇಳದೆ ನಿಲ್ಲುತ್ತದೆ. ಆದುದರಿಂದ ಎರಡು ಪ್ರತಿಗಳಿರಬೇಕು, ಒಂದು ಬೇರೆ ಮನೆಯಲ್ಲಿರಬೇಕು. ಪೆಟ್ಟಿಗೆಯ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಮನೆಯ ಕ್ರಯಪತ್ರದ ಜೊತೆಗೆ ಇಡಬೇಕು. ಇದನ್ನು ಮಾಡುವವರು ಬಹಳ ವಿರಳ.

ಪಾಲಿನ ಹೊತ್ತಿಗೆ ತೊಡಕೊಂದು ಏಳುತ್ತದೆ. ನಾಲ್ವರು ಮಕ್ಕಳು ಹೊಲವನ್ನು ಪಾಲುಮಾಡಿಕೊಂಡರೆ ಒಬ್ಬೊಬ್ಬರಿಗೆ ಕಾಲುಪಾಲು. ಪೆಟ್ಟಿಗೆಯಲ್ಲಿರುವುದನ್ನು ಪಾಲುಮಾಡಿಕೊಂಡರೆ ನಾಲ್ವರಿಗೂ ಇಡಿಯಾಗಿ ಸಿಗುತ್ತದೆ. ಸಿಗುತ್ತದೆಂದ ಮಾತ್ರಕ್ಕೆ ಸಲ್ಲುತ್ತದೆಯೆ? ತಂದೆ ಕೊಂಡದ್ದು ಒಂದು ಸಿ.ಡಿ., ನಾಲ್ಕಲ್ಲ. ಸಿ.ಡಿ.ಗಳ ಗಂಟು ಯಾರ ಪಾಲಿಗೆ ಬಂದಿತೋ ಅವರ ಮನೆಗೇ ಅದರ ಪ್ರತಿಯೂ ಹೋಗತಕ್ಕದ್ದು. ಉಳಿದವರು ಕೇಳಬೇಕಾದರೆ ಅಲ್ಲಿಗೆ ಹೋಗಿ ಕೇಳಬೇಕು, ಇಲ್ಲವೆ ಮತ್ತೊಂದನ್ನು ಕೊಳ್ಳಬೇಕು. ಅಜ್ಜ ಅಜ್ಜಿಯರ ಕಂಠವಿರುವ ಕ್ಯಾಸೆಟ್ಟುಗಳಿಗೆ ಈ ನಿರ್ಬಂಧವಿಲ್ಲ. ಅವನ್ನು ನಾಲ್ವರೂ ಇಳಿಸಿಕೊಳ್ಳಬಹುದು. ಅದಕ್ಕೆ ಬೇಕಾದದ್ದು ಒಂದು ತಂತಿ, ಟೇಪು ಇನ್ನೂ ತಿರುಗುವ ಒಂದು ಹಳೆಯ ಯಂತ್ರ, ನಾಲ್ಕೈದು ಸಂಜೆಗಳು.